ರಕ್ತದ ಕೊಳವೆಗೂ ಒಂದು ಗಡುವು

"ಮೊನ್ನೆ ತಾನೇ ತೋಳಿಗೆ ಚುಚ್ಚಿ ರಕ್ತ ತಗೊಂಡು ಹೋದ್ರಲ್ಲಮ್ಮ, ಇವತ್ತು ಮತ್ತೆ ಯಾಕೆ?" ಆಸ್ಪತ್ರೆಯಲ್ಲಿ ಮಲಗಿದ ಅಜ್ಜ-ಅಜ್ಜಿಯರು ನರ್ಸಮ್ಮನನ್ನು ಹೀಗೆ ಕೇಳುವುದುಂಟು. ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ರಕ್ತದ ಗುಂಪು ಹುಟ್ಟಿನಿಂದ ಬಂದದ್ದು, ಮೂರು ದಿನಕ್ಕೆ ಬದಲಾಗುವಂಥದ್ದಲ್ಲ. ಹಾಗಿದ್ದರೂ ರಕ್ತನಿಧಿಯವರಿಗೆ ಹೊಸ ಕೊಳವೆಯೇ ಬೇಕು. ಏಕೆ?

ಮಕ್ಕಳೇ, ನಮ್ಮ ಕೆಂಪು ರಕ್ತಕಣಗಳ ಮೈಮೇಲೆ ಗುರುತುಗಳಿರುತ್ತವೆ. ಎ, ಬಿ ಎನ್ನುವ ಗುರುತುಗಳನ್ನು ಜಗತ್ತಿಗೆ ತೋರಿಸಿಕೊಟ್ಟವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅದು 1901ರ ಮಾತು. ಅವರು ಹುಟ್ಟಿದ ಜೂನ್ 14ನ್ನೇ ಈಗ ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸುತ್ತೇವೆ. ಆಮೇಲೆ ಆರ್‌ಎಚ್ ಗುರುತು ಗೊತ್ತಾಯಿತು. ಅಲ್ಲಿಗೂ ಮುಗಿಯಲಿಲ್ಲ. ಇಂದು 40ಕ್ಕೂ ಹೆಚ್ಚು ಬಗೆಯ ರಕ್ತಗುಂಪು ವ್ಯವಸ್ಥೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ನಮ್ಮ ಮುಂಬಯಿಯಲ್ಲೇ 1952ರಲ್ಲಿ ಡಾ. ಭೇಂಡೆ ಮತ್ತು ಅವರ ಸಂಗಡಿಗರು 'ಬಾಂಬೆ ಗುಂಪ'ನ್ನು ಕಂಡುಹಿಡಿದರು. ಮೇಲ್ನೋಟಕ್ಕೆ ಅದು ಓ ಗುಂಪಿನಂತೆಯೇ ಕಾಣುತ್ತದೆ. ಆದರೆ ಆ ಗುಂಪಿನವರಿಗೆ ಓ ರಕ್ತ ಕೊಟ್ಟರೂ ಅಪಾಯವೇ! ಆದ್ದರಿಂದ ರಕ್ತ ಕೊಡುವ ಮೊದಲು ರೋಗಿಯ ರಕ್ತವನ್ನೂ ದಾನಿಯ ರಕ್ತವನ್ನೂ ಬೆರೆಸಿ, ಎರಡಕ್ಕೂ ಹೊಂದಿಕೆ ಇದೆಯೇ ಎಂದು ನೋಡುತ್ತಾರೆ. ಇದೇ ಕ್ರಾಸ್‌ಮ್ಯಾಚ್. ಜೇಬಿನಲ್ಲಿ ರಕ್ತದ ಗುಂಪಿನ ಕಾರ್ಡು ಇಟ್ಟುಕೊಂಡಿದ್ದರೂ ಈ ಪರೀಕ್ಷೆ ತಪ್ಪುವುದಿಲ್ಲ.

ಈಗ ಗಡುವಿನ ವಿಷಯಕ್ಕೆ ಬರೋಣ. ಬೇರೆಯವರ ರಕ್ತ ಮೈಯೊಳಗೆ ಬಂದಾಗ ಅದರ ಅಪರಿಚಿತ ಗುರುತುಗಳ ವಿರುದ್ಧ ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸಬಹುದು. ಬಸುರಿಯರಲ್ಲೂ ಹೊಟ್ಟೆಯ ಮಗುವಿನ ರಕ್ತಕಣಗಳಿಂದ ಹೀಗಾಗುವುದುಂಟು. ಈ ಪ್ರತಿಕಾಯಗಳು ಕೆಲವೇ ದಿನಗಳಲ್ಲಿ ಹುಟ್ಟಿಕೊಳ್ಳಬಹುದು. ಸೋಮವಾರ ನಿಮ್ಮ ತರಗತಿಯ ಫೋಟೋ ತೆಗೆದರು, ಶುಕ್ರವಾರ ಹೊಸ ಹುಡುಗ ಶಾಲೆಗೆ ಸೇರಿದ ಎಂದುಕೊಳ್ಳಿ. ಅವನು ಫೋಟೋದಲ್ಲಿ ಇರುತ್ತಾನೆಯೇ? ಹಳೆಯ ಕೊಳವೆಯ ರಕ್ತವೂ ಹಾಗೆಯೇ. ಅದನ್ನು ನೋಡಿ ರಕ್ತ ಕೊಟ್ಟರೆ, ಆಮೇಲೆ ಹುಟ್ಟಿದ ಪ್ರತಿಕಾಯಗಳು ಆ ರಕ್ತಕಣಗಳನ್ನು ಒಡೆದುಹಾಕಿಯಾವು. ರೋಗಿಗೆ ಚಳಿಜ್ವರ, ಕಾಮಾಲೆ ಬರಬಹುದು. ಕೆಲವೊಮ್ಮೆ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಅದಕ್ಕೇ ಅಮೆರಿಕದ ಎಎಬಿಬಿ ಸಂಸ್ಥೆಯ ನಿಯಮ ಹೀಗಿದೆ: ಹಿಂದಿನ ಮೂರು ತಿಂಗಳಲ್ಲಿ ರೋಗಿ ರಕ್ತ ಪಡೆದಿದ್ದರೆ ಅಥವಾ ಬಸುರಿಯಾಗಿದ್ದರೆ, ಕೊಳವೆಗೆ ಮೂರೇ ದಿನದ ಆಯಸ್ಸು. ಆ ವಿವರ ಸರಿಯಾಗಿ ಗೊತ್ತಿಲ್ಲದಿದ್ದರೂ ಅಷ್ಟೇ. ರಕ್ತ ತೆಗೆದ ದಿನ ಲೆಕ್ಕಕ್ಕಿಲ್ಲ, ಅದು ಸೊನ್ನೆಯ ದಿನ. ಸೋಮವಾರ ಬೆಳಗ್ಗೆ 6ಕ್ಕೆ ತೆಗೆದರೂ ರಾತ್ರಿ 11ಕ್ಕೆ ತೆಗೆದರೂ ಗಡುವು ಗುರುವಾರ ರಾತ್ರಿ 11 ಗಂಟೆ 59 ನಿಮಿಷಕ್ಕೆ ಮುಗಿಯುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ: 2028ರ ಫೆಬ್ರವರಿ 28ರಂದು ತೆಗೆದ ರಕ್ತ ಯಾವತ್ತಿನವರೆಗೆ ನಡೆಯುತ್ತದೆ? ಮಾರ್ಚ್ 3 ಎಂದಿರಾ? ಅದು ಅಧಿಕ ವರ್ಷ. ಉತ್ತರ ಮಾರ್ಚ್ 2!

ನಿದ್ದೆಗಣ್ಣಲ್ಲಿ ಕೆಲಸ ಮಾಡುವ ಮನುಷ್ಯರು ಇಂಥಲ್ಲಿ ಎಡವುವುದು ಸಹಜ. ಆದ್ದರಿಂದ ದೊಡ್ಡ ಪ್ರಯೋಗಾಲಯಗಳು ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿವೆ. ಕೊಳವೆಯ ಮೇಲಿನ ಬಾರ್‌ಕೋಡ್ ತೋರಿಸಿದರೆ ಸಾಕು, ಗಡುವು ಮುಗಿದಿದ್ದರೆ ಅದು ಎಚ್ಚರಿಕೆ ಕೊಟ್ಟು ಕ್ರಾಸ್‌ಮ್ಯಾಚ್ ಮಾಡಲು ಬಿಡುವುದಿಲ್ಲ.

ಆದರೆ ಕಂಪ್ಯೂಟರ್ ಎಷ್ಟೇ ಜಾಣನಾದರೂ ನಾವು ಹೇಳಿದಷ್ಟೇ ಅದಕ್ಕೆ ಗೊತ್ತು. ಸೋಮವಾರ ರಾತ್ರಿ 11.40ಕ್ಕೆ ತೆಗೆದ ರಕ್ತ ಪ್ರಯೋಗಾಲಯ ತಲುಪಿದ್ದು 12.20ಕ್ಕೆ ಎನ್ನಿ. ಆಗ ತಾರೀಖು ಬದಲಾಗಿ ಮಂಗಳವಾರವಾಗಿರುತ್ತದೆ. ಕೊಳವೆ ತಲುಪಿದ ಹೊತ್ತನ್ನೇ ತೆಗೆದ ಹೊತ್ತೆಂದು ನಮೂದಿಸಿದರೆ ಗುರುವಾರಕ್ಕೆ ಮುಗಿಯಬೇಕಾದ ಕೊಳವೆ ಶುಕ್ರವಾರವೂ 'ಸರಿಯಾಗಿದೆ' ಎಂದು ಕಾಣುತ್ತದೆ. ನಲವತ್ತು ನಿಮಿಷದ ವ್ಯತ್ಯಾಸಕ್ಕೆ ಇಡೀ ಒಂದು ದಿನದ ತಪ್ಪು! ಹಾಗಾಗಿಯೇ ರಕ್ತ ತೆಗೆದವರು ಮಂಚದ ಪಕ್ಕದಲ್ಲೇ ನಿಂತು ಕೊಳವೆಯ ಮೇಲೆ ಹೆಸರು, ತಾರೀಖು, ಸಮಯ ಬರೆಯುವುದು.

ಇನ್ನೊಂದು ಕಡೆ ಕಂಪ್ಯೂಟರ್ ಪೂರಾ ಕುರುಡು, ಅಲ್ಲಿ ಅಜ್ಜ-ಅಜ್ಜಿಯರ ಸಹಾಯ ಬೇಕು. ಮೂರು ತಿಂಗಳಲ್ಲಿ ರಕ್ತ ಪಡೆಯದವರಿಗೆ, ಮುಂದೆ ಆಗಲಿರುವ ಶಸ್ತ್ರಚಿಕಿತ್ಸೆಗಾಗಿ ಕೆಲವು ಆಸ್ಪತ್ರೆಗಳು ಕೊಳವೆಯ ಗಡುವನ್ನು ಹೆಚ್ಚಿಸುತ್ತವೆ. ಎರಡು ತಿಂಗಳ ಹಿಂದೆ ಮಗಳ ಊರಿನ ಆಸ್ಪತ್ರೆಯಲ್ಲಿ ಅಜ್ಜಿಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು ಎಂದುಕೊಳ್ಳಿ. ಈ ಊರಿನ ಕಂಪ್ಯೂಟರಿಗೆ ಅದು ಹೇಗೆ ತಿಳಿಯಬೇಕು? "ಹಿಂದೆ ರಕ್ತ ಹಾಕಿಸಿಕೊಂಡಿದ್ದೀರಾ?" ಎಂದು ಕೇಳಿದಾಗ "ಅದೆಲ್ಲ ಯಾವಾಗಲೋ ಆಯ್ತು ಬಿಡಿ" ಎನ್ನದೆ ಊರು, ತಿಂಗಳು ಹೇಳಬೇಕು. ಅಜ್ಜಿ ಮರೆತರೆ ಪಕ್ಕದಲ್ಲಿ ಕೂತ ಮೊಮ್ಮಗಳು ನೆನಪಿಸಬಹುದು.

ಹಾಗೆಯೇ "ನಿಮ್ಮ ಹೆಸರೇನು?" ಎಂದು ಹತ್ತು ಸಲ ಕೇಳಿದರೂ ಸಿಟ್ಟಾಗಬೇಡಿ. "ನೀವು ಸೀತಮ್ಮನಾ?" ಎಂದು ಕೇಳಿದರೆ ಕಿವಿ ಮಂದವಾದ ಸಾವಿತ್ರಮ್ಮನೂ "ಹೂಂ" ಎನ್ನುವ ಸಂಭವವಿದೆ. ಹೆಸರು ಅದಲುಬದಲಾದರೆ ಅದನ್ನು ಹಿಡಿಯಲು ಕಂಪ್ಯೂಟರ್ ಹಳೆಯ ದಾಖಲೆ ತೆಗೆದು ನೋಡುತ್ತದೆ. ಹೋದ ವರ್ಷ ಬಿ ಗುಂಪಿದ್ದವರು ಈ ಸಲ ಓ ಆಗಿದ್ದರೆ ಅಲ್ಲೇ ತಡೆಯುತ್ತದೆ.

ದಾನಿಗಳ ರಕ್ತದ ಚೀಲಗಳಿಗೂ ಗಡುವುಗಳಿವೆ. ಕೆಂಪುಕಣಗಳನ್ನು ಅದರಲ್ಲಿ ಬೆರೆಸುವ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಇಡಬಹುದು. ಡೆಂಗಿ ರೋಗಿಗಳಿಗಾಗಿ ಜನ ಓಡಾಡುವ ಪ್ಲೇಟ್‌ಲೆಟ್‌ಗಳಿಗೆ ಸಾಮಾನ್ಯವಾಗಿ ಐದೇ ದಿನ. ಅವನ್ನು ಫ್ರಿಜ್‌ನಲ್ಲಿ ಇಡುವುದೂ ಇಲ್ಲ; 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲ ಕೂಸಿನಂತೆ ಮೆಲ್ಲಗೆ ತೂಗುತ್ತಲೇ ಇರುವ ಯಂತ್ರದಲ್ಲಿ ಇಡುತ್ತಾರೆ.

ಇನ್ನು ಗಡುವು ಮುಗಿದ ಆ ಪುಟ್ಟ ಕೊಳವೆ? ಅದನ್ನು ಕೂಡಲೇ ಎಸೆಯುವುದಿಲ್ಲ. ರಕ್ತ ಕೊಟ್ಟ ಮೇಲೆ ಕನಿಷ್ಠ ಏಳು ದಿನ ಅದು ಫ್ರಿಜ್‌ನಲ್ಲೇ ಇರುತ್ತದೆ. ರೋಗಿಗೆ ಜ್ವರವೋ ಕಾಮಾಲೆಯೋ ಕಾಣಿಸಿಕೊಂಡರೆ ಮತ್ತೆ ಅದನ್ನೇ ಹೊರತೆಗೆದು ಮೊದಲಿನಿಂದ ಪರೀಕ್ಷಿಸುತ್ತಾರೆ.