ಅತಿವಾಹಕ ವೇಗೋತ್ಕರ್ಷಕ ಕುಹರಗಳು: ಮೇಲ್ಮೈ ವಿಧಿಸುವ ಮಿತಿ

ವಿದ್ಯುದಾವಿಷ್ಟ ಕಣಗಳಿಗೆ ಶಕ್ತಿ ನೀಡುವ ಆಧುನಿಕ ವೇಗೋತ್ಕರ್ಷಕಗಳಲ್ಲಿ ನಯೋಬಿಯಂ ಲೋಹದ ಟೊಳ್ಳು ಕುಹರಗಳನ್ನು ಬಳಸಲಾಗುತ್ತದೆ. ನಯೋಬಿಯಂ 9.2 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಗುತ್ತದೆ. ಹೆಚ್ಚಿನ ಕುಹರಗಳು ದ್ರವ ಹೀಲಿಯಂನಲ್ಲಿ ಸುಮಾರು 2 ಕೆಲ್ವಿನ್ ಉಷ್ಣತೆಯಲ್ಲಿ ಕಾರ್ಯನಿರ್ವಹಿಸುತ್ತವೆ. ರೇಡಿಯೊ ಆವರ್ತನದ ಕ್ಷೇತ್ರ ಲೋಹದೊಳಗೆ ಇಳಿಯುವುದು ಸುಮಾರು 40 ನ್ಯಾನೊಮೀಟರ್ ಮಾತ್ರ. ಗೋಡೆಯು ಸುಮಾರು 3 ಮಿ.ಮೀ. ದಪ್ಪವಿದ್ದರೂ ಪ್ರವಾಹವನ್ನು ಹೊರುವುದು ಈ ತೆಳುಪದರವೇ. ಆದುದರಿಂದ ಕುಹರದ ಸಾಮರ್ಥ್ಯವು ಮೇಲ್ಮೈಯ ಗುಣವನ್ನು ಅವಲಂಬಿಸಿದೆ.

ಮೇಲ್ಮೈಯ ದೋಷಗಳು ಮೂರು ಬಗೆಯಲ್ಲಿ ಮಿತಿಯೊಡ್ಡುತ್ತವೆ. ಮೊದಲನೆಯದು ಅತಿವಾಹಕತೆಯ ಹಠಾತ್ ನಾಶ. ಬೆಸುಗೆಯ ಗುಳಿ ಅಥವಾ ಅನ್ಯಲೋಹದ ಕಣವು ಕಾದು, ಸುತ್ತಲಿನ ನಯೋಬಿಯಂ ಕ್ರಾಂತಿಕ ಉಷ್ಣತೆಯನ್ನು ಮೀರಿದೊಡನೆ ಕುಹರದಲ್ಲಿ ಸಂಗ್ರಹವಾದ ಶಕ್ತಿಯೆಲ್ಲ ಶಾಖವಾಗುತ್ತದೆ. 1.3 ಗಿಗಾಹರ್ಟ್ಸ್ ಕುಹರಗಳ ಸೈದ್ಧಾಂತಿಕ ಮಿತಿ ಮೀಟರಿಗೆ ಸುಮಾರು 50 ಮೆಗಾವೋಲ್ಟ್ ಆಗಿದ್ದರೂ ಅನೇಕ ಕುಹರಗಳು ಅದಕ್ಕಿಂತ ಬಹಳ ಮೊದಲೇ ಸೋಲುವುದಕ್ಕೆ ಇದೊಂದು ಕಾರಣ. ಎರಡನೆಯದು ಕ್ಷೇತ್ರೋತ್ಸರ್ಜನೆ: ಅಂಟಿದ ಧೂಳಿನ ಕಣದಿಂದ ಹೊರಟ ಎಲೆಕ್ಟ್ರಾನುಗಳು ಗೋಡೆಗೆ ಬಡಿದು ಶಾಖವನ್ನೂ ಕ್ಷ-ಕಿರಣಗಳನ್ನೂ ಉಂಟುಮಾಡುತ್ತವೆ. ಮೂರನೆಯದು ಹೈಡ್ರೋಜನ್. ಲೋಹದಲ್ಲಿ ಕರಗಿದ ಹೈಡ್ರೋಜನ್ 100 ಕೆಲ್ವಿನ್ ಆಸುಪಾಸಿನಲ್ಲಿ ಹೈಡ್ರೈಡ್ ಆಗಿ ಬೇರ್ಪಟ್ಟು ಶಕ್ತಿನಷ್ಟವನ್ನು ಹೆಚ್ಚಿಸುತ್ತದೆ.

ಪರಿಹಾರಗಳೂ ಈ ಕಾರಣಗಳನ್ನೇ ಅನುಸರಿಸುತ್ತವೆ. ತಯಾರಿಕೆಯಲ್ಲಿ ಹಾನಿಗೊಂಡ ಸುಮಾರು 100ರಿಂದ 150 ಮೈಕ್ರೋಮೀಟರ್ ಪದರವನ್ನು ಆಮ್ಲಗಳಿಂದ ಅಥವಾ ವಿದ್ಯುತ್-ಮೆರುಗಿನಿಂದ ತೆಗೆಯಲಾಗುತ್ತದೆ. ನಿರ್ವಾತದಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹೈಡ್ರೋಜನ್ನನ್ನು ಹೊರಹಾಕುತ್ತಾರೆ. ಸುಮಾರು 100 ಬಾರ್ ಒತ್ತಡದ ಅತಿಶುದ್ಧ ನೀರಿನಿಂದ ತೊಳೆದು, ಧೂಳುರಹಿತ ಕೊಠಡಿಯಲ್ಲಿ ಜೋಡಿಸುತ್ತಾರೆ. 2013ರಲ್ಲಿ ಫರ್ಮಿಲ್ಯಾಬ್ ಪ್ರಕಟಿಸಿದ ನೈಟ್ರೋಜನ್ ಸೇರ್ಪಡೆಯ ವಿಧಾನವು ಶಕ್ತಿನಷ್ಟವನ್ನು ಗಣನೀಯವಾಗಿ ತಗ್ಗಿಸಿತು. ಆದರೆ ತಲುಪಬಹುದಾದ ಗರಿಷ್ಠ ಕ್ಷೇತ್ರವೂ ಅದರೊಡನೆ ಹೆಚ್ಚಾಗಿ ತಗ್ಗುತ್ತದೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಬೀದರ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದಗಳ ನಡುವಿನ ನೇರ ಅಂತರ 20 ಕಿ.ಮೀ.ಗಿಂತ ತುಸು ಹೆಚ್ಚು. ಆ ರೇಖೆಯಲ್ಲಿ 20 ಕಿ.ಮೀ. ಉದ್ದಕ್ಕೂ ಕುಹರಗಳನ್ನೇ ಜೋಡಿಸಿದರೆ, ಅಂತರರಾಷ್ಟ್ರೀಯ ರೇಖೀಯ ಘರ್ಷಕದ ವಿನ್ಯಾಸದಲ್ಲಿರುವ ಮೀಟರಿಗೆ 31.5 ಮೆಗಾವೋಲ್ಟ್ ಲೆಕ್ಕದಲ್ಲಿ ಎಲೆಕ್ಟ್ರಾನು 630 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಪಡೆಯುತ್ತದೆ. ಮೇಲ್ಮೈಯ ದೋಷದಿಂದ ಕ್ಷೇತ್ರ ಅರ್ಧಕ್ಕಿಳಿದರೆ ದೊರೆಯುವುದು 315 ಮಾತ್ರ. ಅದೇ ಶಕ್ತಿಗೆ ಹುಮನಾಬಾದದಿಂದ ಬಸವಕಲ್ಯಾಣಕ್ಕೆ ಹೋಗಿ ಮರಳುವಷ್ಟು ಉದ್ದದ ಯಂತ್ರ ಬೇಕಾಗುತ್ತದೆ.

ಭಾರತದಲ್ಲಿ ದೆಹಲಿಯ ಅಂತರ ವಿಶ್ವವಿದ್ಯಾನಿಲಯ ವೇಗೋತ್ಕರ್ಷಕ ಕೇಂದ್ರವೂ, ತಿಪಟೂರಿನಲ್ಲಿ ಜನಿಸಿದ ರಾಜಾ ರಾಮಣ್ಣ ಅವರ ಹೆಸರನ್ನು ಹೊತ್ತ ಇಂದೋರಿನ ಕೇಂದ್ರವೂ ಇಂತಹ ಕುಹರಗಳ ತಯಾರಿಕೆಯಲ್ಲಿ ತೊಡಗಿವೆ. ಬೃಹತ್ ಯಂತ್ರಗಳ ಗಾತ್ರವನ್ನೂ ವೆಚ್ಚವನ್ನೂ ಕಣ್ಣಿಗೆ ಕಾಣದ ಒಂದು ಪದರದ ಶುದ್ಧಿ ನಿಯಂತ್ರಿಸುವುದೇ ಈ ಕ್ಷೇತ್ರದ ವೈಶಿಷ್ಟ್ಯ.