ಇಗೊರೋಟರ ಹೆಮ್ಮೆಯ ನಿಜವಾದ ನೆಲೆ

ಫಿಲಿಪ್ಪೀನ್ಸ್‌ನ ಲೂಝಾನ್ ದ್ವೀಪದ ಉತ್ತರ ಭಾಗದಲ್ಲಿರುವ ಕಾರ್ಡಿಲ್ಲೆರಾ ಪರ್ವತಸೀಮೆಯ ಮೂಲನಿವಾಸಿಗಳಾದ ಇಗೊರೋಟರು ಒಂದೇ ಬುಡಕಟ್ಟಿನವರೆಂಬ ಭಾವನೆ ವ್ಯಾಪಕವಾಗಿದ್ದರೂ, ಇಫುಗಾವೊ, ಬೊಂಟೊಕ್, ಕಂಕನಾಯ್, ಇಬಲೊಯ್, ಕಳಿಂಗ, ಇಸ್ನೆಗ್ ಮೊದಲಾದ, ತಮ್ಮದೇ ಭಾಷೆಗಳುಳ್ಳ ಹಲವು ಸಮುದಾಯಗಳು ಆ ಹೆಸರಿನಡಿ ಬರುತ್ತವೆ. ಇಫುಗಾವೊ ಮತ್ತು ಕಳಿಂಗರಲ್ಲಿ ಅನೇಕರು ಸ್ವಂತ ಸಮುದಾಯದ ಹೆಸರಿನಿಂದಲೇ ಗುರುತಿಸಿಕೊಳ್ಳಲು ಬಯಸುತ್ತಾರೆ.

ಒಂದೇ ಬುಡಕಟ್ಟೆಂಬ ಭಾವನೆಗಿಂತ ಆಳವಾಗಿ ಬೇರೂರಿರುವುದು, ಇಫುಗಾವೊ ಬೆಟ್ಟಗಳ ಮೆಟ್ಟಿಲುಗದ್ದೆಗಳು ಎರಡು ಸಾವಿರ ವರ್ಷ ಹಳೆಯವು ಎಂಬ ನಂಬಿಕೆ. ಇಷ್ಟೊಂದು ಗದ್ದೆಗಳನ್ನು ಕಟ್ಟಲು ಎಷ್ಟು ಕಾಲ ಹಿಡಿದಿರಬಹುದೆಂದು 20ನೇ ಶತಮಾನದ ಮೊದಲರ್ಧದ ವಿದ್ವಾಂಸರು ಮಾಡಿದ ಅಂದಾಜು ಪಠ್ಯಪುಸ್ತಕಗಳನ್ನು ಸೇರಿ, 1995ರಲ್ಲಿ ಈ ಗದ್ದೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊದ ವಿವರಣೆಯಲ್ಲೂ ಉಳಿದುಕೊಂಡಿತು. ಆದರೆ ಪುರಾತತ್ತ್ವಜ್ಞ ಸ್ಟೀಫನ್ ಅಕಾಬಾಡೊ ಮತ್ತು ಸಂಗಡಿಗರು ಹಳೆಯ ಕಿಯ್ಯಾಂಗನ್ ಗ್ರಾಮದ ನೆಲೆಯಲ್ಲಿ ನಡೆಸಿದ ಉತ್ಖನನಗಳ ಪ್ರಕಾರ, ಅಲ್ಲಿ ಮೊದಲು ಬೆಳೆಯುತ್ತಿದ್ದುದು ಕೆಸುವಿನ ಗಡ್ಡೆ. ನೀರು ನಿಲ್ಲಿಸಿ ಬೆಳೆಯುವ ಭತ್ತ ಹಬ್ಬಿದ್ದು ಸ್ಪೇನಿನ ಪಡೆಗಳು ತಪ್ಪಲಿನ ಕಣಿವೆಗಳಿಗೆ ನುಗ್ಗಿದ 17ನೇ ಶತಮಾನದಲ್ಲಿ. ಈ ನಿರ್ಣಯದಿಂದ ಗದ್ದೆಗಳ ಘನತೆ ಕುಗ್ಗುತ್ತದೆಂದು ಆತಂಕಪಡುವವರಿದ್ದಾರೆ. ವಾಸ್ತವದಲ್ಲಿ ಅದು ಹೆಚ್ಚುತ್ತದೆ, ಏಕೆಂದರೆ ಮೂರು ಶತಮಾನಗಳ ಕಾಲ ಸ್ಪೇನಿಗೆ ಪೂರ್ಣವಾಗಿ ಮಣಿಯದ ಜನ, ಆಕ್ರಮಣದ ಒತ್ತಡದ ನಡುವೆಯೇ ಒಗ್ಗೂಡಿ ಬೆಟ್ಟದ ಮೈಯನ್ನು ಗದ್ದೆಯಾಗಿಸಿದರೆಂಬುದನ್ನು ಈ ನಿರ್ಣಯ ತೋರಿಸುತ್ತದೆ.

ಇಗೊರೋಟರು ಅನಾಗರಿಕರೆಂಬ ಚಿತ್ರವಂತೂ ಬಹುಮಟ್ಟಿಗೆ ಹೊರಗಿನವರು ಪ್ರದರ್ಶನಕ್ಕಾಗಿ ಕಟ್ಟಿದ್ದು. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಅಮೆರಿಕನ್ನರು ಅವರನ್ನು ನೋಟಕ್ಕಿಟ್ಟು, ವಿಧಿಗಳ ಸಂದರ್ಭಕ್ಕೆ ಸೀಮಿತವಾಗಿದ್ದ ನಾಯಿಮಾಂಸದ ಸೇವನೆಯನ್ನು ನಿತ್ಯದ ತಮಾಷೆಯಾಗಿಸಿದರು. ಅದು ಕ್ಷಮಾರ್ಹವಲ್ಲದ ಅವಮಾನ.

ಸಂಸ್ಕೃತಿಯ ರಕ್ಷಣೆಗೆ ಉಡುಗೆ, ಕುಣಿತ, ವಸ್ತುಸಂಗ್ರಹಾಲಯಗಳು ಸಾಕೆಂಬುದೂ ತಪ್ಪು ಕಲ್ಪನೆಯೇ. ಬಿತ್ತನೆ, ಕೊಯ್ಲು ಮತ್ತು ಶವಜಾಗರಣೆಗಳಲ್ಲಿ ಮುಖ್ಯವಾಗಿ ಹಿರಿಯ ಹೆಂಗಸರು ಮುನ್ನಡೆಸುವ, ಇಫುಗಾವೊ ಜನರ 'ಹುಧುದ್' ಎಂಬ ಕಥನಗಾನ ಗದ್ದೆಯ ಬೇಸಾಯವಿಲ್ಲದೆ ತನ್ನ ಸಂದರ್ಭವನ್ನೇ ಕಳೆದುಕೊಳ್ಳುತ್ತದೆ. ಗದ್ದೆಗಳ ಮೇಲ್ಭಾಗದಲ್ಲಿ ಕುಟುಂಬಗಳು ಕಾಯ್ದುಕೊಂಡು ಬಂದ 'ಮುಯೋಂಗ್' ಎಂಬ ಕಾಡುಗಳು ಬರಿದಾದರೆ ಗದ್ದೆಗೆ ನೀರಿನ ಆಸರೆ ತಪ್ಪುತ್ತದೆ. ಹೀಗಾಗಿ ಭೂಮಿಯ ಪ್ರಶ್ನೆಯೇ ಮೂಲಭೂತವಾದುದು: ಇಬಲೊಯ್ ಸಮುದಾಯದ ಮಾತೆಯೊ ಕಾರಿನ್ಯೊ ಅವರ ಮೊಕದ್ದಮೆಯಲ್ಲಿ, ನೆನಪಿಗೆ ನಿಲುಕದ ಕಾಲದಿಂದ ಅನುಭವಿಸಿಕೊಂಡು ಬಂದ ನೆಲವನ್ನು ಸರ್ಕಾರದ್ದೆಂದು ಭಾವಿಸಲಾಗದೆಂದು ಆಗ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಅಮೆರಿಕದ ಸುಪ್ರೀಂ ಕೋರ್ಟ್ 1909ರಲ್ಲೇ ತೀರ್ಪಿತ್ತಿತ್ತು. ಆದರೂ ಕಾರ್ಡಿಲ್ಲೆರಾದ ಚಿಕೊ ನದಿಗೆ ಅಣೆಕಟ್ಟುಗಳನ್ನು ಕಟ್ಟುವ ಯೋಜನೆಯನ್ನು ವಿರೋಧಿಸಿದ ಕಳಿಂಗ ನಾಯಕ ಮಕ್ಲಿಇಂಗ್ ದುಲಾಗ್ 1980ರ ಏಪ್ರಿಲ್ 24ರಂದು ಸೈನಿಕರ ಗುಂಡಿಗೆ ಬಲಿಯಾದರು. ಅವರ ಜನ ಹಿಂದೆ ಸರಿಯಲಿಲ್ಲ, ಯೋಜನೆಯನ್ನೇ ಕೈಬಿಡಬೇಕಾಯಿತು.