ಕೊಟ್ಟಿಗೆಯೂ ಕೆಲಸದ ಜಾಗವೇ: ಬ್ರುಸೆಲ್ಲೋಸಿಸ್ ಬಗ್ಗೆ ಎಚ್ಚರವಿರಲಿ

ಹಾಲು ಉತ್ಪಾದಕ ಸಹೋದರಿಯರೇ,

ಕಾರ್ಖಾನೆಗೆ ಸೇರಿದವರಿಗೆ ಮೊದಲು ಸುರಕ್ಷತೆಯ ಪಾಠ ಹೇಳುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ನಾನು ಕಲಿತ ಮೊದಲ ಪಾಠವೂ ಅದೇ: ಕೈಗವಸಿಲ್ಲದೆ ಮಾಸು ಮುಟ್ಟಬಾರದು. ಯಾದಗಿರಿ, ಶಹಾಪುರ, ಸುರಪುರದ ಕೊಟ್ಟಿಗೆಗಳಲ್ಲಿ ಹಾಲು ಹಿಂಡುವವರು, ಸಗಣಿ ಬಳಿಯುವವರು, ಈಯುವಾಗ ಪಕ್ಕದಲ್ಲಿ ನಿಲ್ಲುವವರು ನೀವೇ. ಈ ಪಾಠ ನಿಮಗೂ ಬೇಕು.

ಆಕಳು, ಎಮ್ಮೆ ಗಬ್ಬದ 5 ತಿಂಗಳ ನಂತರ ಕಂದು ಹಾಕಿದರೆ ಬ್ರುಸೆಲ್ಲೋಸಿಸ್ ಇರಬಹುದು. ರೋಗಾಣು ಮಾಸು, ಸತ್ತ ಕರು, ಗರ್ಭದ ನೀರು, ಹಾಲಿನಲ್ಲಿರುತ್ತದೆ. ಕೈಯ ಸಣ್ಣ ಗಾಯದಿಂದ, ಕಣ್ಣಿಗೆ ಸಿಡಿದರೆ, ಹಸಿ ಹಾಲು ಕುಡಿದರೆ ನಮಗೂ ಬರುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಬೆನ್ನು ಮತ್ತು ಕೀಲು ನೋವು ಇದರ ಲಕ್ಷಣ. ಕೆಲಸದ ದಣಿವೆಂದು ಸುಮ್ಮನಿದ್ದರೆ ರೋಗ ಒಳಗೇ ಉಳಿಯುತ್ತದೆ. ಗರ್ಭಿಣಿಯರಿಗೆ ಗರ್ಭಪಾತವೂ ಆಗಬಹುದು.

ಹೀಗೆ ಮಾಡಿ:

• ಮಾಸು, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ, ಮೂಗು-ಬಾಯಿ ಮುಚ್ಚಿಕೊಳ್ಳಿ. ಗರ್ಭಿಣಿಯರು ದೂರವಿರಲಿ.
• ಅವನ್ನು ನಾಯಿಗೆ ಹಾಕದೆ, ತಿಪ್ಪೆಗೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.
• ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.
• ಹಾಲು ಉಕ್ಕುವವರೆಗೆ ಕಾಯಿಸಿಯೇ ಕುಡಿಯಿರಿ.
• 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಿ. ಗಂಡು ಕರುಗಳಿಗೆ, ಗಬ್ಬದ ದನಗಳಿಗೆ ಇದು ಬೇಡ.

ಜ್ವರ ಬಿಡದಿದ್ದರೆ ದವಾಖಾನೆಯಲ್ಲಿ "ನಮ್ಮ ಮನೆಯಲ್ಲಿ ದನ ಇವೆ, ಒಂದು ಕಂದು ಹಾಕಿದೆ" ಎಂದು ತಪ್ಪದೆ ಹೇಳಿ. ರಕ್ತ ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಸಾಮಾನ್ಯವಾಗಿ 6 ವಾರ ಮಾತ್ರೆ ನುಂಗಬೇಕು. ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ಮರುಕಳಿಸುತ್ತದೆ.

ದನ ಕಂದು ಹಾಕಿದ ಸುದ್ದಿ ಮುಚ್ಚಿಡಬೇಡಿ. ಸಮೀಪದ ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ. ದನದಷ್ಟೇ ನಿಮ್ಮ ಆರೋಗ್ಯವೂ ಮುಖ್ಯ.

– ಪಶುವೈದ್ಯಾಧಿಕಾರಿ